ರತ್ನಗಂಬಳಿಯ ಕೂದಲು ಮಲಗುವ ದಿಕ್ಕು

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರೆಯುವ ಕೆಲವು ವಿವರಗಳು ತಪ್ಪಿರಬಹುದು. ಮುಂದೆ ಬರುವ, ದೆಹಲಿಯ ಜನಕಪುರಿಯ ಮನೆ ಎರಡನೆಯ ಮಹಡಿಯಲ್ಲಿತ್ತೋ ಮೂರನೆಯದರಲ್ಲೋ ಈಗ ಖಚಿತವಿಲ್ಲ. ಕೆಲವು ಮಾತುಗಳನ್ನು ಯಾರು ಆಡಿದರು ಎಂಬುದರಲ್ಲೂ ಅನುಮಾನವಿದೆ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು, ಒಂದೇ ಸಾಕ್ಷಿಯನ್ನು ನಂಬಬಾರದು ಎಂದು ನಮಗೆ ಕಲಿಸಿದ್ದರು. ಇಲ್ಲಿರುವುದು ಒಂದೇ ಸಾಕ್ಷಿ, ಅದೂ ನಾನೇ. ಡೈರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಮುಖ್ಯವಾದ ದಿನಗಳಂದೇ ಎರಡು ಸಾಲು ಗೀಚಿ ಮಲಗಿಬಿಟ್ಟಿದ್ದೇನೆ.

ಆದರೂ ಬರೆಯಲು ಕೂತದ್ದು ನಿಶಾಳಿಂದಾಗಿ. ಅವಳು ನನ್ನ ಅಕ್ಕನ ಮೊಮ್ಮಗಳು. ಇಂಟೀರಿಯರ್ ಡಿಸೈನ್ ಓದಿ ಮುಗಿಸಿ, ಕಳೆದ ತಿಂಗಳು ಗ್ರೇಟರ್ ನೋಯ್ಡಾದ ಒಂದು ಕಾರ್ಪೆಟ್ ಮಳಿಗೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಮೊದಲ ದಿನವೇ ಫೋನ್ ಮಾಡಿದಳು.

"ಚಿಕ್ಕಜ್ಜಿ, ಇವತ್ತು ಟ್ವೆಂಟಿ ರಗ್ಸ್ ತೋರಿಸಿದ್ರು. ಸಬ್ ಏಕ್ ಜೈಸಾ, ಒಂದೇ ಥರ. ಎಲ್ಲಾ ಮೆತ್ತಗಿದೆ ಅಂತ ಮಾತ್ರ ಗೊತ್ತಾಯ್ತು."

"ಚಪ್ಪಲಿ ಬಿಚ್ಚಿ ಅದರ ಮೇಲೆ ನಡೆದ್ಯಾ?"

"ಶೋರೂಮಲ್ಲಾ? ಕ್ಯೋಂ?"

ಆ ಪ್ರಶ್ನೆ ಕೇಳಿದ್ದೇ ತಡ, ನಾನು ಮುಕ್ಕಾಲು ಗಂಟೆ ಮಾತಾಡಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿದ ಕೆಲಸ. ಬಿಟ್ಟು ಎರಡು ವರ್ಷವಾದರೂ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಬೀಳುವುದು ನೆಲದ ಮೇಲೆ, ಆಮೇಲೆ ಮನೆಯವರ ಮೇಲೆ. ಫೋನ್ ಇಟ್ಟ ಮೇಲೂ ಹೇಳುವುದು ಮುಗಿದಿರಲಿಲ್ಲ. ಉಳಿದದ್ದು ಇಲ್ಲಿದೆ. ನಿಶಾ ಕನ್ನಡ ಓದುವುದು ನಿಧಾನ, ನಿಧಾನವಾಗಿಯೇ ಓದಲಿ.

ಹಾಸನದ ನಮ್ಮ ಮನೆಯಲ್ಲಿ ನೆಲಕ್ಕೆ ಹಾಸುವುದೆಂದರೆ ಚಾಪೆ, ಮದುವೆ ಮುಂಜಿಗೆ ಜಮಖಾನ. ರತ್ನಗಂಬಳಿ ಎಂಬ ಪದ ಗೊತ್ತಿತ್ತು, ಆದರೆ ಅದನ್ನು ತುಳಿದವರನ್ನು ಕಂಡಿರಲಿಲ್ಲ. ಎಂ.ಎ. ಓದಲು ದೆಹಲಿಗೆ ಬಂದು ಅಕ್ಕನ ಮನೆಯಲ್ಲಿ ಉಳಿದೆ. ಭಾವ ಕೊಡಗಿನವರು, ಸೈನ್ಯದ ಇಂಜಿನಿಯರ್ ಪಡೆಯಲ್ಲಿದ್ದರು. ಪಿಎಚ್‌ಡಿಗೆ ಸೀಟು ಸಿಗುವವರೆಗೆ ಎಂದುಕೊಂಡು ದಕ್ಷಿಣ ದೆಹಲಿಯ ಒಂದು ಕಾರ್ಪೆಟ್ ಅಂಗಡಿಗೆ ಸೇರಿಕೊಂಡೆ. ವಿದೇಶಿ ಗಿರಾಕಿಗಳ ಜೊತೆ ಇಂಗ್ಲಿಷಿನಲ್ಲಿ ಮಾತಾಡುವವರು ಅವರಿಗೆ ಬೇಕಿತ್ತು. ಸೀಟು ಸಿಕ್ಕಿತು, ನಾನು ಹೋಗಲಿಲ್ಲ. ಯಾಕೆ ಎಂದು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಈಗ ನಿಜ ಅನ್ನಿಸುವುದು ಇದು: ಮೊದಲ ದಿನದ ಆ ಹತ್ತು ಹೆಜ್ಜೆ.

ಅಂಗಡಿಯ ಮಾಲೀಕರನ್ನು ಎಲ್ಲರೂ ಸಾಹೇಬ್ ಎನ್ನುತ್ತಿದ್ದರು. ಮೊದಲ ದಿನ ಅವರು ನನಗೆ ಏನನ್ನೂ ವಿವರಿಸಲಿಲ್ಲ. ಒಂದು ದಪ್ಪ ಉಣ್ಣೆಯ ಕಾರ್ಪೆಟ್ ಬಿಚ್ಚಿಸಿ, "ಬೇಟಿ, ಚಪ್ಪಲಿ ಬಿಡು, ಕಣ್ಣು ಮುಚ್ಚು, ಆ ತುದಿಗೆ ನಡಿ" ಎಂದರು. ನಡೆದೆ. ಕಾಲು ಹೂತುಹೋಯಿತು, ಆದರೆ ಮುಳುಗಲಿಲ್ಲ. ಕೆಳಗಿನಿಂದ ಯಾರೋ ಮೆಲ್ಲಗೆ ಎತ್ತಿಕೊಟ್ಟ ಹಾಗೆ ಪಾದ ಮೇಲೆ ಬಂತು. ಪಕ್ಕದಲ್ಲೇ ಅಷ್ಟೇ ದಪ್ಪದ ಇನ್ನೊಂದನ್ನು ಹಾಸಿಸಿದರು. ಅದರಲ್ಲಿ ಪಾದ ಹೂತದ್ದು ಹೂತೇ ಇತ್ತು, ಕೆಸರಿನಲ್ಲಿ ಇಟ್ಟ ಹಾಗೆ. ಕಣ್ಣಿಗೆ ಎರಡೂ ಒಂದೇ.

"ಜನ ಕಣ್ಣಿಂದ ಕೊಳ್ಳುತ್ತಾರೆ, ಕಾಲಿಂದ ಅದರ ಜೊತೆ ಬದುಕುತ್ತಾರೆ. ಅದಕ್ಕೇ ಗಿರಾಕಿಯ ಮುಖ ನೋಡಬೇಡ, ಕಾಲು ನೋಡು." ಸಾಹೇಬರು ಹಿಂದಿಯಲ್ಲಿ ಹೇಳಿದ್ದು ಇದೇ ಮಾತು ಎಂದು ನನ್ನ ನೆನಪು. ಇಷ್ಟು ನಯವಾಗಿ ಹೇಳಿರಲಿಕ್ಕಿಲ್ಲ. ವರ್ಷಗಟ್ಟಲೆ ಗಿರಾಕಿಗಳಿಗೆ ಹೇಳಿ ಹೇಳಿ ನಾನೇ ಅದಕ್ಕೆ ಪಾಲಿಶ್ ಹಾಕಿರಬೇಕು.

ನಿಶಾ, ಈಗ ಕೆಲಸಕ್ಕೆ ಬರುವ ಎರಡು ಮಾತು. ದಪ್ಪ ಎಂದ ಮಾತ್ರಕ್ಕೆ ಒಳ್ಳೆಯದಲ್ಲ. ಕೂದಲನ್ನು ಬೆರಳಿನಿಂದ ಸೀಳಿ ಬುಡ ನೋಡು. ಕೆಳಗಿನ ಬಟ್ಟೆ ಸಲೀಸಾಗಿ ಕಂಡರೆ ಅದು ಉದ್ದ ಕೂದಲಿನ ಬೋಳು ತಲೆ, ಆರು ತಿಂಗಳಲ್ಲಿ ನಡೆದಲ್ಲೆಲ್ಲ ಜಡೆಗಟ್ಟುತ್ತದೆ. ಹೆಬ್ಬೆರಳಿನಿಂದ ಒತ್ತಿ ಬಿಡು, ಎಷ್ಟು ಬೇಗ ಏಳುತ್ತದೆ ನೋಡು. ತಿರುಗಿಸಿ ಬೆನ್ನು ನೋಡು. ಗಂಟು ಹಾಕಿ ನೇಯ್ದದ್ದಾದರೆ ಮುಂದಿನ ಚಿತ್ತಾರ ಹಿಂದೆಯೂ ಕಾಣುತ್ತದೆ. ಹಿಂದೆ ಬಟ್ಟೆ ಅಂಟಿಸಿದ್ದರೆ ಒಳಗೆ ಗೋಂದಿದೆ, ಅದು ಮಳೆಗಾಲದಲ್ಲಿ ವಾಸನೆ ಹೊಡೆಯಬಹುದು. ಮಾರಬೇಡ ಅನ್ನುತ್ತಿಲ್ಲ, ಹೇಳಿ ಮಾರು. ಮತ್ತೆ, ಹೊಸ ಉಣ್ಣೆ ಮೊದಲ ಕೆಲವು ತಿಂಗಳು ನಯವಾದ ನವಿರು ಉದುರಿಸುತ್ತದೆ ಎನ್ನುವುದನ್ನು ಮೊದಲೇ ತಿಳಿಸು. ನಾನು ಒಮ್ಮೆ ಮರೆತಿದ್ದೆ. ಒಬ್ಬ ಪ್ರೊಫೆಸರ್ ಡಬ್ಬಿಯಲ್ಲಿ ನವಿರು ತುಂಬಿಕೊಂಡು ಅಂಗಡಿಗೇ ಬಂದು, "ಮೇಡಂ, ನನ್ನ ತಲೆ ಸಾಲದೆ ನೆಲಕ್ಕೂ ಬಕ್ಕತಲೆಯಾ?" ಎಂದರು.

ಜನಕಪುರಿಯ ಪ್ರಸಂಗಕ್ಕೆ ಬರುತ್ತೇನೆ. ಆಗ ಕೆಲಸಕ್ಕೆ ಸೇರಿ ಎರಡನೆಯ ಚಳಿಗಾಲ. ದೆಹಲಿಯಲ್ಲಿ ದೀಪಾವಳಿ ಕಳೆದ ಕೂಡಲೇ ಮನೆಮನೆಯಲ್ಲೂ ಕಾರ್ಪೆಟ್ ಹೊರಬರುತ್ತದೆ, ಹೋಳಿ ಮುಗಿದ ಮೇಲೆ ಬೇವಿನೆಲೆಯೊಂದಿಗೆ ಸುತ್ತಿ ಮಂಚದಡಿ ಸೇರುತ್ತದೆ. ಆ ನಡುವಿನ ತಿಂಗಳುಗಳಲ್ಲಿ ನಮಗೆ ಉಸಿರಾಡಲೂ ಬಿಡುವಿರುತ್ತಿರಲಿಲ್ಲ. ಒಬ್ಬ ಗೃಹಿಣಿ ತಮ್ಮ ಅತ್ತೆಯ ಕೋಣೆಗೆ ಗೋಡೆಯಿಂದ ಗೋಡೆಗೆ ದಪ್ಪ ಕಾರ್ಪೆಟ್ ಬೇಕೆಂದರು. ನಾನು ಟೇಪು ಹಿಡಿದು ಉದ್ದ ಅಳೆದೆ, ಅಗಲ ಅಳೆದೆ, ಮಂಚದ ಕಾಲನ್ನೂ ಅಳೆದೆ. ಹಾಸಿದ ಮೇಲೆ ಕೋಣೆ ಎಷ್ಟು ಚೆನ್ನಾಗಿ ಕಂಡಿತೆಂದರೆ ನನಗೇ ಅಲ್ಲಿ ಉರುಳಬೇಕೆನ್ನಿಸಿತು. ಅತ್ತೆ ಒಳಗೆ ಹೋದರು, ಸಂತೋಷದಿಂದ ಬಾಗಿಲು ದೂಡಿದರು. ಬಾಗಿಲು ಕಾರ್ಪೆಟ್ಟನ್ನು ಒತ್ತಿಕೊಂಡು ಮುಚ್ಚಿತು. ಮತ್ತೆ ತೆರೆಯಲಿಲ್ಲ.

ಒಳಕ್ಕೆ ತೆರೆಯುವ ಬಾಗಿಲು. ಕೆಳಗಿನ ಸಂದನ್ನು ನಾನು ಅಳೆದೇ ಇರಲಿಲ್ಲ. ನಾವು ಹೊರಗಿನಿಂದ ದೂಡಿದಷ್ಟೂ ಕೂದಲು ಎದ್ದು ನಿಂತು ಬಾಗಿಲನ್ನು ಹಿಡಿಯುತ್ತಿತ್ತು. ಒಳಗಿನಿಂದ ಅತ್ತೆಯ ದನಿ ಶಾಂತವಾಗಿ ಬಂತು: "ಬಹೂ, ಚಹಾ ಬಾಲ್ಕನಿ ಕಿಟಕಿಯಿಂದ ಕೊಡು. ಆ ಹುಡುಗಿಗೆ ಬೈಬೇಡ. ಬಹಳ ಮೆತ್ತಗಿದೆ, ನಾನು ಮಲಗ್ತೀನಿ." ಬಡಗಿ ಬಂದು, ಬಾಗಿಲನ್ನು ಮೀಟಿ ತೆರೆದು, ಕೀಲು ಬಿಚ್ಚಿ, ಬಾಗಿಲನ್ನು ಕೆಳಗಿನಿಂದ ಹೆರೆದುಕೊಡುವಾಗ ಅವರು ನಿಜವಾಗಿಯೂ ಕಾರ್ಪೆಟ್ ಮೇಲೆ ಗೊರಕೆ ಹೊಡೆಯುತ್ತಿದ್ದರು. ಅಂದಿನಿಂದ ನಾನು ಯಾವ ಮನೆಗೆ ಹೋದರೂ ಮೊದಲು ಎಲ್ಲ ಬಾಗಿಲುಗಳನ್ನೂ ತೆರೆದು ಮುಚ್ಚಿ ನೋಡುತ್ತಿದ್ದೆ.

ಎರಡನೆಯ ತಪ್ಪು ಮುಂದಿನ ಕತೆಗೆ ಬೇಕು, ಸ್ವಲ್ಪ ಗಮನವಿಟ್ಟು ಓದು. ಒಬ್ಬ ವಕೀಲರ ಮನೆಗೆ ಒಂದೇ ಬಣ್ಣದ ಎರಡು ದಪ್ಪ ಕಾರ್ಪೆಟ್ ಕಳಿಸಿದೆವು, ಅಕ್ಕಪಕ್ಕ ಹಾಸಲು. ಸಂಜೆ ಅವರಿಂದ ಫೋನ್: ಒಂದು ಕಡುನೀಲಿ, ಇನ್ನೊಂದು ತಿಳಿನೀಲಿ, ಮೋಸ. ಹೋಗಿ ನೋಡಿದರೆ ನಿಜವೇ, ಎರಡು ಬಣ್ಣ. ಸಾಹೇಬರು ಬಂದರು. ಒಂದನ್ನು ಮಾತ್ರ ಸುತ್ತಿ, ಈ ತುದಿ ಆ ಕಡೆಗೆ ಬರುವಂತೆ ತಿರುಗಿಸಿ ಹಾಸಿದರು. ಎರಡೂ ಒಂದೇ ನೀಲಿಯಾದವು. ವಕೀಲರು ಮೂರು ಸಲ ಸುತ್ತು ಹಾಕಿ ನೋಡಿದರು.

ಕಾರ್ಪೆಟ್‌ನ ಕೂದಲು ನೆಟ್ಟಗೆ ನಿಂತಿರುವುದಿಲ್ಲ. ಬೆಕ್ಕಿನ ಬೆನ್ನಿನ ಹಾಗೆ ಒಂದು ದಿಕ್ಕಿಗೆ ಮಲಗಿರುತ್ತದೆ, ನೇಕಾರ ನೇಯಲು ಶುರುಮಾಡಿದ ತುದಿಯ ಕಡೆಗೆ. ಆ ಕಡೆಗೆ ಸವರಿದರೆ ನಯ, ಎದುರಾಗಿ ಸವರಿದರೆ ತಡೆ. ಬೆಳಕು ಬೀಳುವ ರೀತಿಯೂ ಅದರಂತೆಯೇ ಬದಲಾಗುತ್ತದೆ. ಈ ಒಂದು ಸಂಗತಿ ಗೊತ್ತಾದ ದಿನ ನಾನು ಅಂಗಡಿಯ ಒಂದೊಂದು ಕಾರ್ಪೆಟ್‌ಗೂ ಕೈಯಾಡಿಸಿ, "ನೀನು ಎಲ್ಲಿಂದ ಶುರುವಾದೆ?" ಎಂದು ನೋಡುತ್ತಾ ಕೂತಿದ್ದೆ. ಊಟ ಮರೆತದ್ದು ಡೈರಿಯಲ್ಲಿದೆ.

ಕಾಲ ಬದಲಾಯಿತು. ಚಹಾ ಕುಡಿಸಿ ಇಪ್ಪತ್ತು ಕಾರ್ಪೆಟ್ ಬಿಚ್ಚಿ ತೋರಿಸುವ ಪದ್ಧತಿ ಹೋಗಿ, ಗಿರಾಕಿಗಳು ಫೋನಿನಲ್ಲಿ ಫೋಟೋ ಹಿಡಿದು "ಭಯ್ಯಾ, ಇದೇ ಬೇಕು" ಎಂದು ಬರತೊಡಗಿದರು. ಅಳತೆಗೆ ನಾನು ನೆಲದ ಮೇಲೆ ಹಳೆಯ ಪತ್ರಿಕೆ ಹರಡಿ ತೋರಿಸುತ್ತಿದ್ದೆ. ಈಗ ಆ್ಯಪ್ ತೋರಿಸುತ್ತದೆ. ನೀನು ಆ್ಯಪ್ ತೋರಿಸು, ಆಮೇಲೆ ಪತ್ರಿಕೆಯನ್ನೂ ಹರಡು. ಸೋಫಾದ ಮುಂಗಾಲುಗಳಾದರೂ ಕಾರ್ಪೆಟ್ ಮೇಲೆ ಬರದಿದ್ದರೆ ಅದು ನಡುಮನೆಯಲ್ಲಿ ಕಳೆದುಹೋದ ಕರವಸ್ತ್ರದ ಹಾಗೆ ಕಾಣುತ್ತದೆ. ನಿಮ್ಮ ಕಡೆಯ ಹೊಸ ಫ್ಲ್ಯಾಟುಗಳಲ್ಲಿ ತಾನೇ ಓಡಾಡಿ ಗುಡಿಸುವ ಮೆಷಿನ್ ಇದೆಯೇ ಎಂದೂ ಕೇಳು. ಉದ್ದ ಕೂದಲಿನಲ್ಲಿ ಅದು ಸಿಕ್ಕಿಕೊಂಡು ಆಮೆಯ ಹಾಗೆ ಕೂಗುತ್ತಾ ಕೂರುತ್ತದೆ. ಆಮೆ ಕೂಗುತ್ತದೆಯೇ ಎಂದು ಕೇಳಬೇಡ.

ಇನ್ನು ವಸಂತ್ ಕುಂಜ್‌ನ ಕತೆ. ನಿನ್ನ ಅಜ್ಜಿಯ ಮನೆಯದೇ. ನಿನಗೆ ಅರ್ಧ ಮಾತ್ರ ಗೊತ್ತು.

ಭಾವ ಸೈನ್ಯದಿಂದ ನಿವೃತ್ತರಾಗಿ ಅಲ್ಲಿನ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ನೆಲೆಸಿ ಹಲವು ವರ್ಷವಾಗಿತ್ತು. ಕಣ್ಣಿನ ಒತ್ತಡದ ತೊಂದರೆಗೆ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದರು. ಕೇಳಿದರೆ "ಸ್ವಲ್ಪ ಮಸುಕು" ಅನ್ನುತ್ತಿದ್ದರು. ಒಂದು ದೀಪಾವಳಿಯ ನಂತರ ಫೋನ್ ಮಾಡಿ, ನಡುಮನೆಗೆ ದಪ್ಪ ಕಾರ್ಪೆಟ್ ಬೇಕು ಎಂದರು. ನಾನು ವಾದಿಸಿದೆ. ನೆಲ ಮುಚ್ಚುವಂಥ ದಪ್ಪ ಹಾಸು ದೆಹಲಿಯ ಧೂಳಿಗೆ ಆಗದು, ವಯಸ್ಸಾದವರು ಎಡವುತ್ತಾರೆ, ಗುಡಿಸುವುದು ಅಕ್ಕನಿಗೆ ಕಷ್ಟ. ಅಷ್ಟು ವರ್ಷ ನೂರಾರು ಮನೆಗಳಲ್ಲಿ ಹೇಳಿದ್ದ ಪಾಠ.

"ನಾನು ಗಿರಾಕಿನಾ ಅಲ್ವಾ?" ಎಂದರು ಭಾವ.

"ಹೌದು ಭಾವ."

"ಹಾಗಾದ್ರೆ ತೋರಿಸು."

ಅಂಗಡಿಗೆ ಬಂದು ಶೂ ಬಿಚ್ಚಿ, ಏಳೆಂಟು ಕಾರ್ಪೆಟ್ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದರು. ಬಣ್ಣ ಕೇಳಲೇ ಇಲ್ಲ. ಒಂದು ಕೈನೇಯ್ಗೆಯ, ಒಂದಂಗುಲ ದಪ್ಪದ ಕೆಂಪು ಕಾರ್ಪೆಟ್ ಮೇಲೆ ನಿಂತು "ಇದು" ಎಂದರು. ನಾನು ಖುಷಿಯಾಗಿದ್ದೆ. ಸಾಹೇಬರು ಹೇಳುತ್ತಿದ್ದಂಥ ಗಿರಾಕಿ, ಕಾಲಿನಿಂದ ಕೊಳ್ಳುವವರು, ನಮ್ಮ ಮನೆಯಲ್ಲೇ ಇದ್ದಾರೆ ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಆ ಚಳಿಗಾಲ ಅಕ್ಕನದು ಒಂದೇ ದೂರು. "ನೋಡು ಇವರನ್ನ. ಈ ಥಂಡಿಯಲ್ಲಿ ಕಾಲುಚೀಲ ಹಾಕಲ್ಲ ಅಂತಾರೆ. ಬರಿಗಾಲು. ಸಿಪಾಯಿ ಅಂತೆ ಸಿಪಾಯಿ."

ಭಾವ ನಕ್ಕು, "ದುಡ್ಡು ಕೊಟ್ಟು ತಂದಿದ್ದು ಚೀಲಕ್ಕಾ, ಕಾಲಿಗಾ?" ಎಂದರು. ನಾನೂ ನಕ್ಕೆ.

ಹೋಳಿ ಬಂತು, ಹೋಯಿತು. ಅಕ್ಕಪಕ್ಕದವರೆಲ್ಲ ಕಾರ್ಪೆಟ್ ಸುತ್ತಿಟ್ಟರು. ಭಾವ ಸುತ್ತಲು ಬಿಡಲಿಲ್ಲ. ಏಪ್ರಿಲ್‌ನ ಬಿಸಿಲಿನಲ್ಲಿ ಆ ಕೆಂಪು ಕಾರ್ಪೆಟ್ ನಡುಮನೆಯಲ್ಲಿ ಕರಡಿಯ ಹಾಗೆ ಬಿದ್ದಿತ್ತು. ನಾನು ಒಂದು ಭಾನುವಾರ ಹೋದಾಗ ಅಕ್ಕನಿಗೆ ಹೇಳಿದೆ: ಸುತ್ತದಿದ್ದರೆ ಬೇಡ, ತಿರುಗಿಸಿಯಾದರೂ ಹಾಸೋಣ. ಬಾಲ್ಕನಿ ಕಡೆಯ ತುದಿ ಬಿಸಿಲಿಗೆ ಮಾಸುತ್ತದೆ, ಊಟದ ಮೇಜಿನ ಕಡೆಯದು ಸವೆಯುತ್ತದೆ, ಆರು ತಿಂಗಳಿಗೊಮ್ಮೆ ಅದಲು ಬದಲು ಮಾಡಬೇಕು. ಇದು ನಮ್ಮ ಕಸುಬಿನ ಅಕ್ಷರಾಭ್ಯಾಸ. ಇಬ್ಬರೂ ಸೇರಿ ಎತ್ತಿ, ಉಸ್ಸೆಂದು ತಿರುಗಿಸಿ ಹಾಸಿದೆವು. ನಾನು ಬೀಗಿದೆ, ಬಣ್ಣ ಎಷ್ಟು ಕಡುವಾಗಿ ಕಾಣುತ್ತದೆ ನೋಡು ಎಂದು ಅಕ್ಕನಿಗೆ ತೋರಿಸಿದೆ.

ಒಂದೆರಡು ಗಂಟೆಯಾಗಿರಬೇಕು. ಅಕ್ಕ ಒಳಗೆ ಚಪಾತಿ ಮಾಡುತ್ತಿದ್ದಳು. ಭಾವ ನಡುಮನೆಯ ಮಧ್ಯದಲ್ಲಿ ನಿಂತು ನನಗೆ ಅವರ ಪಡೆಯ ಹಾಕಿ ಪಂದ್ಯವೊಂದನ್ನು ವಿವರಿಸುತ್ತಿದ್ದರು. ಗೋಲು ಇಲ್ಲಿ, ಬ್ಯಾಕ್ ಅಲ್ಲಿ ಎಂದು ಆ ಕಡೆ ಈ ಕಡೆ ತಿರುಗಿ, ಕೋಲಿಲ್ಲದೆಯೇ ಹೊಡೆದು ತೋರಿಸಿದರು. ಕತೆ ಮುಗಿಯಿತು. "ಚಲೋ, ಊಟ ಮಾಡೋಣ" ಎಂದರು. ಬಲಗಾಲನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ಸವರಿದರು. ಆಮೇಲೆ ಸಿಪಾಯಿಯಂತೆ ನೇರವಾಗಿ, ಒಂದಿಷ್ಟೂ ಅನುಮಾನವಿಲ್ಲದೆ, ಊಟದ ಮೇಜಿಗೆ ಬೆನ್ನು ಹಾಕಿ ಬಾಲ್ಕನಿಯ ಕಡೆ ನಡೆದರು.

ತಮಾಷೆ ಎಂದುಕೊಂಡೆ. ಬಾಗಿಲು ತೆರೆದಿತ್ತು. ಕುರ್ಚಿಯ ಬೆನ್ನು ಹಿಡಿಯುವಂತೆ ಕೈ ಚಾಚಿದರು, ಕೈಗೆ ಏನೂ ಸಿಗಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟು, ಹೊಸ್ತಿಲಿಗೆ ತಾಗಿ ಮುಗ್ಗರಿಸಿ, ತುಳಸಿ ಕುಂಡ ಹಿಡಿದುಕೊಂಡರು. ಅದರಾಚೆ ಒಂದು ಮಾರು ದೂರದಲ್ಲಿ ಸೊಂಟದೆತ್ತರದ ಕಟಾಂಜನ. ಓಡಿಹೋಗಿ ತೋಳು ಹಿಡಿದೆ. ಅವರು ನನ್ನತ್ತ ಮುಖ ತಿರುಗಿಸಿದರು. ನೋಟ ನನ್ನ ಕಿವಿಯ ಪಕ್ಕ ಹಾದುಹೋಯಿತು.

"ಇದನ್ನ ಯಾರು ತಿರುಗಿಸಿದ್ದು?" ಎಂದು ಮೆಲ್ಲಗೆ ಕೇಳಿದರು.

ಒಂದು ಕ್ಷಣದಲ್ಲಿ ಎಲ್ಲವೂ ಜೋಡಣೆಯಾಯಿತು. ಕಾಲುಚೀಲ, ಹೋಳಿ, ಬಣ್ಣ ಕೇಳದೆ ಕೊಂಡದ್ದು. ನಯವಾದರೆ ಊಟದ ಮೇಜು, ತಡೆದರೆ ಬಾಲ್ಕನಿ. ಭಾವ ಕಾರ್ಪೆಟ್ಟನ್ನು ದಿಕ್ಸೂಚಿ ಮಾಡಿಕೊಂಡಿದ್ದರು. ಬೇರೆ ಸಾಮಾನೆಲ್ಲ ಗೋಡೆಗೆ ಒತ್ತಿದ್ದ ಆ ನಡುಮನೆಯಲ್ಲಿ, ಎರಡು ಸಲ ತಿರುಗಿದರೆ ಅವರಿಗೆ ಹಿಡಿದುಕೊಳ್ಳಲು ಅದೊಂದೇ ಇತ್ತು. ಊರವರ ಕಾಲು ನೋಡಿಯೇ ಸಂಬಳ ತೆಗೆದುಕೊಂಡವಳು ನಾನು.

ಅಕ್ಕ ಹೊರಗೆ ಬಂದಳು. ಅಳಲಿಲ್ಲ. ಲಟ್ಟಣಿಗೆ ಕೈಯಲ್ಲೇ ಇತ್ತು. "ಎಷ್ಟು ದಿನದಿಂದ ರೀ?" ಎಂದಳು.

"ಕಳೆದ ಮಳೆಗಾಲದಿಂದ. ಬೆಳಕು ಗೊತ್ತಾಗತ್ತೆ. ಆಕಾರ ಇಲ್ಲ." ತುಳಸಿ ಕುಂಡದಿಂದ ಕೈ ತೆಗೆದು ಹೇಳಿದರು: "ನನ್ನ ಕೈ ಹಿಡ್ಕೊಂಡು ಓಡಾಡ್ಸೋಕೆ ಒಬ್ಬ ಅಟೆಂಡೆಂಟ್ ಇಡ್ತೀರಿ ಅಂತ ಹೇಳ್ಲಿಲ್ಲ. ನನ್ನ ಮನೇಲಿ ನಾನು ಒಬ್ಬನೇ ನಡೀಬೇಕು. ಅಷ್ಟೇ ಬೇಕಾಗಿರೋದು."

"ನಡೀರಿ," ಎಂದಳು ಅಕ್ಕ. "ಆದ್ರೆ ಬಾಲ್ಕನಿಗಲ್ಲ."

ಮುಂದಿನ ಎರಡು ವಾರ ನನ್ನ ವೃತ್ತಿಯ ಅತ್ಯುತ್ತಮ ದಿನಗಳು. ಇದರಲ್ಲಿ ಮಾತ್ರ ನೆನಪಿನ ಬಗ್ಗೆ ನನಗೆ ಅನುಮಾನವೇ ಇಲ್ಲ. ಡೈರಿಯಲ್ಲಿ ಹನ್ನೊಂದು ಪುಟ ನಕ್ಷೆಗಳಿವೆ. ಇಡೀ ಮನೆಯನ್ನು ಪಾದಕ್ಕಾಗಿ ಮತ್ತೆ ಹಾಸಿದೆವು. ಭಾವ ನೆಲಬಾಂಬು ಹುಡುಕುವ ಕೆಲಸ ಮಾಡಿದವರು; ಕಾಲೂರುವ ಮೊದಲು ನೆಲ ಓದುವುದು ಅವರಿಗೆ ಹೊಸದಲ್ಲ. ಕುರ್ಚಿಯಲ್ಲಿ ಕೂತು ಆಜ್ಞೆ ಕೊಟ್ಟರು. ಕೆಂಪು ಕಾರ್ಪೆಟ್ ಮೊದಲಿನ ದಿಕ್ಕಿಗೇ ಬಂತು. ಎಡವುವುದಕ್ಕೆ ಕಾರಣ ದಪ್ಪವಲ್ಲ, ಏಳುವ ಅಂಚು ಎಂದು ನನಗೆ ಆಗ ಹೊಳೆಯಿತು. ಕೆಳಗೆ ಜಾರದ ರಬ್ಬರ್ ಜಾಲರಿ ಹಾಕಿ, ಅಂಚುಗಳನ್ನು ಎರಡು ಬದಿ ಅಂಟುವ ಟೇಪಿನಿಂದ ನೆಲಕ್ಕೆ ಕೂರಿಸಿದೆವು. ಊಟದ ಮೇಜಿನ ಕೆಳಗೆ ತೆಳ್ಳನೆಯ ಜಮಖಾನ, ಕಾಲಿಗೆ ಸಿಕ್ಕ ಕೂಡಲೇ ನಿಲ್ಲಬೇಕು. ಬಚ್ಚಲಿನ ದಾರಿಗೆ ಏನೂ ಇಲ್ಲ, ತಣ್ಣನೆಯ ಕಲ್ಲು. ಬಾಲ್ಕನಿಯ ಮುಂದೆ ಮೂರಡಿ ಅಗಲದ ಒರಟು ತೆಂಗಿನ ನಾರಿನ ಹಾಸು.

"ಅದು ಚುಚ್ಚುತ್ತೆ ಭಾವ."

"ಚುಚ್ಚಲಿ. ಅದು ನಮ್ಮ ಗಡಿ."

ಕೊನೆಯ ದಿನ ಅವರು ಮಲಗುವ ಕೋಣೆಯಿಂದ ಹೊರಟು, ನಡುಮನೆಯಲ್ಲಿ ಬೇಕೆಂದೇ ನಾಲ್ಕು ಸುತ್ತು ಗಿರ್ರನೆ ತಿರುಗಿ, ಕಾಲು ಸವರಿ, ಸೀದಾ ಹೋಗಿ ತಮ್ಮ ಕುರ್ಚಿಯಲ್ಲೇ ಕೂತರು. ಅಕ್ಕ ಚಪ್ಪಾಳೆ ತಟ್ಟಿ, "ಮೆಡಲ್ ಕೊಡ್ಲಾ, ಮಜ್ಜಿಗೆ ಕೊಡ್ಲಾ?" ಎಂದಳು.

ಅದಾದ ಮೇಲೆ ಕೆಲಸದಲ್ಲಿ ಉಳಿದ ವರ್ಷಗಳಲ್ಲಿ ನಾನು ಪ್ರತಿ ಮನೆಯಲ್ಲೂ ಎರಡು ಪ್ರಶ್ನೆ ಹೆಚ್ಚಿಗೆ ಕೇಳಿದೆ: ಈ ಮನೆಯಲ್ಲಿ ಬರಿಗಾಲಲ್ಲಿ ನಡೆಯುವವರು ಯಾರು? ತಿರುಗಿಸುವ ಮೊದಲು ಅವರನ್ನು ಕೇಳಿದ್ದೀರಾ? ಅನೇಕರು ವಿಚಿತ್ರವಾಗಿ ನೋಡಿದರು. ಇಬ್ಬರು ಮಾತ್ರ ಒಳಗಿನಿಂದ ಒಬ್ಬ ಹಿರಿಯರನ್ನು ಕರೆತಂದರು. ನಿಶಾ, ನಿನ್ನ ಫಾರಂನಲ್ಲಿ ಈ ಪ್ರಶ್ನೆಗಳಿಗೆ ಜಾಗವಿರುವುದಿಲ್ಲ. ಅಂಚಿನಲ್ಲಿ ಬರೆದುಕೋ.

ಇನ್ನೊಂದು ಸಂಗತಿ ಉಳಿದಿದೆ. ನಾನು ಮತ್ತು ಅಕ್ಕ ಕಾರ್ಪೆಟ್ ತಿರುಗಿಸುವಾಗ ಭಾವ ಬೆತ್ತದ ಕುರ್ಚಿಯಲ್ಲಿ, ಮಡಿಲಲ್ಲಿ ರೇಡಿಯೋ ಇಟ್ಟುಕೊಂಡು ಕೂತಿದ್ದ ಚಿತ್ರ ನನ್ನ ಕಣ್ಣಿನಲ್ಲಿದೆ. ನಾವು ಉಸ್ಸೆಂದಾಗ ಅವರು ಅದರ ದನಿ ತಗ್ಗಿಸಿದ್ದೂ ನೆನಪಿದೆ. ಅಕ್ಕ ಹೇಳುವುದೇ ಬೇರೆ: ಅವರು ಪಕ್ಕದ ಮನೆಯ ಡಾಕ್ಟರ್ ಜೊತೆ ಕೆಳಗೆ ವಾಕಿಂಗ್ ಹೋಗಿದ್ದರು. ಡೈರಿಯಲ್ಲಿ ಇರುವುದು ಇಷ್ಟೇ: "ಅಕ್ಕನ ಮನೆ. ಕಾರ್ಪೆಟ್ ತಿರುಗಿಸಿದೆವು. ಸೊಂಟ ನೋವು." ಅವರು ಅಲ್ಲಿ ಇರಲಿಲ್ಲವಾದರೆ, ಯಾರು ತಿರುಗಿಸಿದ್ದು ಎಂದು ಅವರು ಕೇಳಿದ್ದು ನಿಜವಾದ ಪ್ರಶ್ನೆಯೇ. ಇದ್ದರೆ, ಎಲ್ಲ ಗೊತ್ತಿದ್ದೂ ಆ ಕಡೆ ನಡೆದರು. ಬಾಯಿಬಿಟ್ಟು ಹೇಳಲಾಗದ್ದನ್ನು ನಮ್ಮ ಕಣ್ಣಿಗೆ ಬೀಳಿಸಲು.

ಹೋದ ಭಾನುವಾರ ನಿಶಾ ತನ್ನ ಮಳಿಗೆಯಿಂದ ಮೊದಲ ಕಾರ್ಪೆಟ್ ತಂದಳು, ತಾತನ ಮಲಗುವ ಕೋಣೆಗೆ. ತಾನೇ ಆರಿಸಿದ್ದಂತೆ, ಚಪ್ಪಲಿ ಬಿಚ್ಚಿ. ಮಂಚದ ಪಕ್ಕ ಹಾಸಿ, "ತಾತಾ, ಟ್ರೈ ಮಾಡಿ" ಎಂದು ಚಹಾ ತರಲು ಒಳಗೆ ಹೋದಳು. ಭಾವ ಎದ್ದು ಅದರ ಮೇಲೆ ನಿಂತರು. ಕೋಣೆಯಲ್ಲಿ ನಾವಿಬ್ಬರೇ. ಇಷ್ಟು ವರ್ಷ ಇಟ್ಟುಕೊಂಡದ್ದನ್ನು ಕೇಳಿಯೇಬಿಟ್ಟೆ.

"ಭಾವ, ಆವತ್ತು ನಾವು ಅದನ್ನ ತಿರುಗಿಸುವಾಗ ನೀವು ಅಲ್ಲೇ ಕೂತಿದ್ರಾ?"

ಅವರು ಬಲಗಾಲನ್ನು ಒಮ್ಮೆ ಮುಂದೆ ಸವರಿದರು, ಒಮ್ಮೆ ಹಿಂದೆ.

"ಕಿಟಕಿ ಕಡೆಯಿಂದ ನೇಯೋಕೆ ಶುರು ಮಾಡಿದ್ದಾರೆ," ಎಂದು, ನಿಶಾಳ ದನಿ ಬರುತ್ತಿದ್ದ ಕಡೆಗೆ ಒಬ್ಬರೇ ನಡೆದುಹೋದರು.